ಬೈದು ಕೊಂಡ ಮನೆ

ಹಳೆಯ ಕುರ್ಚಿ, ಮಂಚ, ಬೀರುಗಳನ್ನು ಕೊಂಡು, ತಿಕ್ಕಿ ತೀಡಿ, ಬಣ್ಣ ಬಳಿದು ಮತ್ತೆ ಮಾರುವ ಅಂಗಡಿ ಇಟ್ಟುಕೊಂಡಿದ್ದ ಹುಳುಕಪ್ಪ, ಒಂದು ಭಾನುವಾರ ಬೆಳಗ್ಗೆ ಹೆಂಡತಿಯ ಮುಂದೆ ನಿಂತು ಘೋರ ಪ್ರತಿಜ್ಞೆ ಮಾಡಿದ. ಮೊಬೈಲಿನಲ್ಲಿ ಫೋಟೋ ನೋಡಿ ಮನೆ ಕೊಳ್ಳುವ ಪೈಕಿ ತಾನಲ್ಲ. ಒಂದೊಂದು ಮನೆಗೂ ಖುದ್ದಾಗಿ ಹೋಗಿ, ಗೋಡೆ ತಟ್ಟಿ, ಬಾಗಿಲು ಎಳೆದು, ನಲ್ಲಿ ತಿರುಗಿಸಿ, ಕುರ್ಚಿ ಕೊಂಡ ಹಾಗೆಯೇ ಮನೆ ಕೊಳ್ಳುವವನು. ಮನೆ ಕೊಳ್ಳುವುದು ಹೇಗೆ ಅಂತ ಊರಿಗೆ ಊರೇ ಬಂದು ತನ್ನ ಹತ್ತಿರ ಪಾಠ ಹೇಳಿಸಿಕೊಳ್ಳಬೇಕು, ಹಾಗೆ ಕೊಳ್ಳುವವನು!

ಹುಳುಕಪ್ಪ ಅನ್ನುವುದು ಅವನ ಹೆಸರಲ್ಲ, ಬಿರುದು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಅದನ್ನು ಬೀದಿಯವರು ಮರೆತಿದ್ದರು. ಯಾರು ಏನು ಮಾರಲು ತಂದರೂ ಅದರಲ್ಲೊಂದು ಹುಳುಕು ಹುಡುಕುತ್ತಿದ್ದದ್ದರಿಂದ ಈ ಬಿರುದು ಬಂದಿತ್ತು. ಅವನ ವ್ಯಾಪಾರದ ಮರ್ಮವೇ ಅದು. ಸಾಮಾನು ಎಷ್ಟು ಚೆನ್ನಾಗಿರುತ್ತಿತ್ತೋ ಅಷ್ಟು ಬೈಯುತ್ತಿದ್ದ. ನಿಜಕ್ಕೂ ಬಾಯಲ್ಲಿ ನೀರೂರಿಸುವ ಮಂಚ ಎದುರಿಗೆ ಬಂದರೆ ಹರಳೆಣ್ಣೆ ಕುಡಿದವನ ಹಾಗೆ ಮುಖ ಮಾಡಿಕೊಂಡು, ‘ಇದನ್ನು ಇಲ್ಲಿವರೆಗೆ ಹೊತ್ತುಕೊಂಡು ಬಂದ್ರಾ, ಪಾಪ’ ಅನ್ನುತ್ತಿದ್ದ. ಮಾರಲು ಬಂದವರು ಕುಗ್ಗಿಹೋಗಿ, ಕೊಟ್ಟಷ್ಟು ತೆಗೆದುಕೊಂಡು ಹೋಗುತ್ತಿದ್ದರು.

ಹೆಂಡತಿ ಟೈಲರ್. ಅವರಿದ್ದ ಬಾಡಿಗೆ ಮನೆಯಲ್ಲಿ ಹೊಲಿಗೆ ಮಷಿನ್ನಿಗೆ ಸಿಕ್ಕಿದ್ದ ಜಾಗ ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿ. ಯಾರಾದರೂ ಸ್ನಾನಕ್ಕೆ ಹೋಗಬೇಕಾದರೆ ಅವಳು ಎದ್ದು, ಮಷಿನ್ ಗೋಡೆಗೆ ಒತ್ತರಿಸಿ, ಉಸಿರು ಬಿಗಿಹಿಡಿದು ನಿಲ್ಲಬೇಕು. ಅಲ್ಲಿಗೆ ಮಟಮಟ ಮಧ್ಯಾಹ್ನವೂ ಬೆಳಕು ಬರುತ್ತಿರಲಿಲ್ಲ. ದಿನವಿಡೀ ಬಲ್ಬು ಉರಿಯಬೇಕು. ಒಮ್ಮೆ ಒಂದು ಕರಿ ಕೋಟಿಗೆ ಅವಳು ಕಡುನೀಲಿ ತೋಳು ಹೊಲಿದುಬಿಟ್ಟಿದ್ದಳು. ಕೋಟಿನವರು ಅದನ್ನು ಹಾಕಿಕೊಂಡು ಬಿಸಿಲಿಗೆ ಹೋದ ಮೇಲೆಯೇ ಅದು ಗೊತ್ತಾದದ್ದು. ಈಗ ಬಾಡಿಗೆ ಮನೆಯನ್ನು ಕೆಡವುತ್ತಾರಂತೆ, ಬಿಡಲೇಬೇಕು. ಕೂಡಿಟ್ಟ ಹಣದಲ್ಲಿ ಸ್ವಂತಕ್ಕೊಂದು ಕೊಳ್ಳುವುದೆಂದು ಗಂಡ ಹೇಳಿದಾಗ ಅವಳು ಕೇಳಿದ್ದು ಒಂದೇ.

“ಹಾಲ್ ದೊಡ್ಡದಿರ್ಲಿ, ಚಿಕ್ಕದಿರ್ಲಿ, ನನಗೇನೂ ಇಲ್ಲ. ಒಂದು ಕಿಟಕಿ ಬೇಕು. ಅಲ್ಲಿ ಮಷಿನ್ ಇಟ್ರೆ ಎಡಗಡೆಯಿಂದ ಬೆಳಕು ಬರಬೇಕು. ಕೈ ನೆರಳು ಸೂಜಿ ಮೇಲೆ ಬೀಳಬಾರದು. ಅಷ್ಟೇ ರೀ.”

“ಕೊಡಿಸ್ತೀನಿ. ಆದ್ರೆ ನಾನು ಹೇಳಿದ ಹಾಗೆ ಕೇಳ್ಬೇಕು. ಮಾರೋರ ಮುಂದೆ ನಾವು ಮಾತಾಡಿಕೊಳ್ಳೋ ಹಾಗಿಲ್ಲ. ಅದಕ್ಕೆ ಇಷ್ಟ ಆದ್ರೆ ಬೈಬೇಕು. ಇಷ್ಟ ಆಗ್ಲಿಲ್ಲ ಅಂದ್ರೆ ಹೊಗಳ್ಬೇಕು. ನಿನಗೂ ಗೊತ್ತಾಗುತ್ತೆ, ನನಗೂ ಗೊತ್ತಾಗುತ್ತೆ, ಅವರಿಗೆ ಏನೂ ಗೊತ್ತಾಗಲ್ಲ.”

“ಹಾಗಾದ್ರೆ ಮದುವೆ ಆದಾಗಿಂದ ನನ್ನ ಅಡುಗೆಗೆ ಬೈತಾನೇ ಇದ್ದೀರಲ್ಲ, ಅದೂ ಇದೇನಾ?”

ಹುಳುಕಪ್ಪ ಚಪ್ಪಲಿ ಹುಡುಕತೊಡಗಿದ.

ಮನೆ ತೋರಿಸಲು ಬಂದ ಬ್ರೋಕರ್ ಒಬ್ಬ ಸಣಕಲ ಮನುಷ್ಯ. ಹೆಲ್ಮೆಟ್ ತೆಗೆಯುವಷ್ಟೂ ಪುರುಸೊತ್ತಿಲ್ಲದವನು. ಮನೆಯೊಳಗೂ ಅದನ್ನು ಹಾಕಿಕೊಂಡೇ ಓಡಾಡುತ್ತಿದ್ದ. ಅವನು ತೋರಿಸಿದ ಮೊದಲ ಮನೆಯಲ್ಲಿ ಮಲಗುವ ಕೋಣೆಯ ನಟ್ಟನಡುವೆ ಒಂದು ಕಂಬವಿತ್ತು. ಮಂಚವನ್ನು ಎಲ್ಲಿ ಹಾಕಿದರೂ ಗಂಡ ಕಂಬದ ಆಚೆ, ಹೆಂಡತಿ ಈಚೆ. ಹುಳುಕಪ್ಪನಿಗೆ ಒಳಗೊಳಗೇ ನಗು ಬಂತು. ಇಷ್ಟವಾಗಲಿಲ್ಲ ಎಂದ ಮೇಲೆ ಹೊಗಳಬೇಕಲ್ಲ, ಹೊಗಳಿದ. ಇಂಥ ಕಂಬ ಅರಮನೆಗಳಲ್ಲಿ ಮಾತ್ರ ಇರುತ್ತದೆ ಅಂದ. ಕಂಬವನ್ನು ತಬ್ಬಿಕೊಂಡು ನೋಡಿದ. ಹೆಂಡತಿಯೂ ತನ್ನ ಪಾಲಿನದೆಂದು, ಬಟ್ಟೆ ಒಣಹಾಕುವ ಹಗ್ಗ ಕಟ್ಟಲು ಬಹಳ ಅನುಕೂಲ ಅಂದಳು. ಆ ಮನೆಯೊಡೆಯನ ಕಣ್ಣಲ್ಲಿ ನೀರು ಬಂತು. ಮನೆ ಕಟ್ಟಿಸಿದಂದಿನಿಂದ ಆ ಕಂಬವನ್ನು ಯಾರೂ ಹೊಗಳಿರಲಿಲ್ಲವಂತೆ. ಗೇಟಿನವರೆಗೂ ಬಂದು, ಹುಳುಕಪ್ಪನ ಕೈ ಹಿಡಿದುಕೊಂಡವನು ಬಿಡಲೇ ಇಲ್ಲ.

ಬಿಡಲೇ ಇಲ್ಲ ಅಂದರೆ ನಿಜವಾಗಿಯೂ ಬಿಡಲಿಲ್ಲ. ಮಾರನೆಯ ದಿನ ಅಂಗಡಿಗೇ ಬಂದ. ಸಾಮಾನು ಕಟ್ಟಿಯಾಯಿತು, ಬೇರೆ ಗಿರಾಕಿಗಳನ್ನು ವಾಪಸು ಕಳಿಸಿಯಾಯಿತು, ಯಾವಾಗ ಬರುತ್ತೀರಿ ಎಂದು ಕೇಳಲು ಬಂದಿದ್ದ. ದೂರದಿಂದಲೇ ಅವನನ್ನು ಕಂಡ ಹುಳುಕಪ್ಪ ಮಾರಾಟಕ್ಕಿಟ್ಟಿದ್ದ ದೊಡ್ಡ ಬೀರುವಿನೊಳಗೆ ಹೊಕ್ಕು ಬಾಗಿಲೆಳೆದುಕೊಂಡ. ಬಂದವನಿಗೇನು ಅವಸರ? ಅಂಗಡಿಯಲ್ಲಿ ಅಡ್ಡಾಡುತ್ತಾ ಈ ಮೇಜು ಮುಟ್ಟಿ, ಆ ಕುರ್ಚಿ ಸವರಿ, ಕಡೆಗೆ ಹೊತ್ತು ಕಳೆಯಲೆಂದು ಬೀರುವಿನ ಬಾಗಿಲು ತೆರೆದ. ಒಳಗೆ ಕುಕ್ಕುರುಗಾಲಿನಲ್ಲಿ ಹುಳುಕಪ್ಪ.

“ಒಳಗಡೆ ಜಾಗ ಹೇಗಿದೆ ಅಂತ ನೋಡ್ತಾ ಇದ್ದೆ” ಅಂದ ಹುಳುಕಪ್ಪ. ಬಂದವನು ಬಾಗಿಲನ್ನು ಮೆಲ್ಲಗೆ ಮತ್ತೆ ಮುಚ್ಚಿ ಹೊರಟುಹೋದ. ಇಷ್ಟು ಮರ್ಯಾದಸ್ಥನಿಗೆ ಹೀಗೆ ಮಾಡಬಾರದಿತ್ತು ಎಂದು ಹೆಂಡತಿ ಮರುಗಿದಳು. ಎರಡನೆಯ ಮನೆಯಲ್ಲಿ ಕಿಟಕಿಯೇನೋ ಇತ್ತು. ತೆರೆದರೆ ಪಕ್ಕದ ಮನೆಯ ಗೋಡೆ ಮೂಗಿಗೆ ತಾಗುತ್ತಿತ್ತು. ಅದನ್ನು ಹೊಗಳುವಷ್ಟರಲ್ಲಿ ಅವಳಿಗೆ ಕೆಮ್ಮು ಬಂತು. ಅಲ್ಲಿನವರೂ ಈಗ ಫೋನು ಮಾಡುತ್ತಿದ್ದರು. ಹೊಗಳಿದವರು ಕೊಳ್ಳುವುದಿಲ್ಲ ಯಾಕೆ ಎಂದು ಬ್ರೋಕರ್‌ಗೆ ತಲೆ ಕೆಟ್ಟು, ಹೆಲ್ಮೆಟ್ಟಿನ ಮೇಲೆಯೇ ತಲೆ ಕೆರೆದುಕೊಂಡ.

ಮುಂದಿನ ಭಾನುವಾರ ನೋಡಿದ ಮೂರನೆಯ ಮನೆ ಮಹಡಿಯ ಮೇಲಿತ್ತು. ಕೆಳಗೆ ಸೌದೆ ಒಲೆಯ ಟೀ ಅಂಗಡಿ. ಮನೆಯೊಡೆಯ ಜೀವಮಾನವಿಡೀ ಬಸ್ಸು ಓಡಿಸಿ ನಿವೃತ್ತನಾದ ಡ್ರೈವರಪ್ಪ. ಕ್ಲಚ್ಚು ಬ್ರೇಕು ತುಳಿದೂ ತುಳಿದೂ ಅವನ ಮಂಡಿ ಹೋಗಿತ್ತು, ಮೆಟ್ಟಿಲು ಹತ್ತಿ ಇಳಿಯಲು ಆಗುತ್ತಿರಲಿಲ್ಲ. ಬೇರೆ ಬೀದಿಯಲ್ಲಿರುವ ತಂಗಿಯ ಮನೆಯ ಪಕ್ಕದಲ್ಲೇ ಮೆಟ್ಟಿಲಿಲ್ಲದ ಒಂದು ಮನೆ ನೋಡಿಕೊಂಡು ಇದನ್ನು ಮಾರುತ್ತಿದ್ದ. ಹಾಲಿನಲ್ಲಿ ಒಂದು ಮರದ ಕುರ್ಚಿ. ಆ ಕುರ್ಚಿಯಲ್ಲಿ ಅವನು ಬಾಗಿಲಿಗೆ ಮುಖ ಮಾಡಿ, ಕೋಣೆಗೆ ಬೆನ್ನು ಮಾಡಿ ಕೂರುತ್ತಿದ್ದ. ಎದುರಿನ ಗೋಡೆಯ ಮೇಲೆ, ತಲೆಗಿಂತ ಒಂದಿಷ್ಟು ಎತ್ತರಕ್ಕೆ, ಬಸ್ಸಿನ ಒಳಗಡೆಯ ಉದ್ದನೆಯ ಕನ್ನಡಿಯನ್ನು ಮೊಳೆ ಹೊಡೆದು ಓರೆಯಾಗಿ ಕೂರಿಸಿಕೊಂಡಿದ್ದ. ಅದಿಲ್ಲದಿದ್ದರೆ ಕೂತ ಹಾಗೇ ಆಗುವುದಿಲ್ಲವಂತೆ.

ಹುಳುಕಪ್ಪ ಮೊದಲು ನೋಡಿದ್ದು ಮನೆಯನ್ನಲ್ಲ, ಕುರ್ಚಿಯನ್ನು. ಅಂಥ ಕುರ್ಚಿ ಅವನ ಅಂಗಡಿಗೆ ಎಂದೂ ಬಂದಿರಲಿಲ್ಲ. ಒಂದೇ ಮರದಲ್ಲಿ ಬಾಗಿಸಿದ ಕೈಗಳು. ಎಲ್ಲೂ ಒಂದು ಮೊಳೆ ಇಲ್ಲ, ಎಲ್ಲ ಜೋಡಣೆ ಮರಕ್ಕೆ ಮರ. ಅವನ ಎದೆ ಡವಡವ ಹೊಡೆದುಕೊಂಡಿತು.

“ಇದನ್ಯಾಕೆ ಇನ್ನೂ ಇಟ್ಟುಕೊಂಡಿದ್ದೀರಿ? ಒಲೆಗೆ ಹಾಕಿದ್ರೆ ನಾಲ್ಕು ಜನಕ್ಕೆ ಟೀ ಕಾಯಿಸ್ಬಹುದು, ಅಷ್ಟೇ” ಅಂದ.

ಡ್ರೈವರಪ್ಪ ಕುರ್ಚಿಯ ಕೈಗಳ ಮೇಲೆ ಕೈಯೂರಿ ಇನ್ನಷ್ಟು ಒರಗಿ ಕೂತ.

ಆ ಕಡೆ ಹೆಂಡತಿ ಒಳಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಅಲ್ಲೊಂದು ಕಿಟಕಿ ಇತ್ತು. ಅಗಲವಾದ ಕಟ್ಟೆ, ಆಚೆ ಬರೀ ಆಕಾಶ. ಬೆಳಕು ಬಂದು ನೆಲದ ಮೇಲೆ ಮಡಿಚಿಟ್ಟ ಬಟ್ಟೆಯ ಹಾಗೆ ಬಿದ್ದಿತ್ತು. ಅವಳು ಹತ್ತಿರ ಹೋಗಿ ಕಿಟಕಿ ಎಡಕ್ಕೆ ಬರುವ ಹಾಗೆ ನಿಂತು, ಬಲಗೈ ಚಾಚಿ ನೋಡಿದಳು. ನೆರಳು ಆ ಕಡೆ ಬಿತ್ತು. ಅವಳ ಎದೆ ತುಂಬಿ ಬಂತು. ತುಂಬಿ ಬಂದದ್ದರಿಂದ ಬೈಯಬೇಕಿತ್ತು.

“ಈ ಕಿಟಕಿ…” ಅಂದಳು. ಗಂಡ ಕೆಮ್ಮಿ ಎಚ್ಚರಿಸಿದ ಮೇಲೆ ಮುಂದುವರಿಸಿದಳು: “ಈ ಕಿಟಕಿ ಬಹಳ ಕೆಟ್ಟದು. ಬೆಳಕು ಜಾಸ್ತಿ. ಬಟ್ಟೆ ಬಣ್ಣ ಎಲ್ಲಾ ಹೋಗುತ್ತೆ.”

ಹೆಂಡತಿಗೆ ಮೆಚ್ಚಿಗೆಯಾಯಿತು ಎಂದು ಹುಳುಕಪ್ಪನಿಗೆ ಗೊತ್ತಾಯಿತು. ಇನ್ನೇನು ಬೇಕು, ಅವನಿಗೆ ಹುಮ್ಮಸ್ಸು ಬಂತು! ಗೋಡೆ ತಟ್ಟಿ ಟೊಳ್ಳು ಅಂದ. ಬಾಗಿಲು ಎಳೆದು, ಸತ್ತವರೂ ಎದ್ದು ಕೂರುವಷ್ಟು ಸದ್ದು ಮಾಡುತ್ತದೆ ಅಂದ. ಅದು ಕಿಂಚಿತ್ತೂ ಸದ್ದು ಮಾಡಿರಲಿಲ್ಲ. ನಲ್ಲಿಯಲ್ಲಿ ಧುಮುಕಿದ ನೀರನ್ನು ಕಂಡು, ಇಷ್ಟು ನೀರು ಬಂದರೆ ಮನೆ ತೇಲಿಹೋದೀತು ಅಂದ. ಕನ್ನಡಿಯನ್ನೂ ಬಿಡಲಿಲ್ಲ, ಮುಖ ಕಾಣದಷ್ಟು ಎತ್ತರಕ್ಕೆ ಕನ್ನಡಿ ಹಾಕಿಸಿದ ಬುದ್ಧಿವಂತ ಯಾರು ಎಂದು ಕೇಳಿದ. ಬ್ರೋಕರ್ ನಡುವೆ ಬಾಯಿ ಹಾಕಲು ನೋಡಿ, ಆಗದೆ, ಹೆಲ್ಮೆಟ್ಟಿನ ಗಾಜು ಕೆಳಕ್ಕೆ ಎಳೆದುಕೊಂಡು ನಿಂತುಬಿಟ್ಟ.

ಬೈಗುಳ ಮುಗಿದ ಮೇಲೆ ಹುಳುಕಪ್ಪ ಸೊಂಟದ ಮೇಲೆ ಕೈಯಿಟ್ಟು, ಇನ್ನು ಬೆಲೆ ಮಾತಾಡೋಣವೇ ಅಂದ.

ಡ್ರೈವರಪ್ಪ ತಿರುಗಿ ಕೂಡ ನೋಡದೆ, “ಇಳೀರಿ” ಅಂದ.

“ಅಂದ್ರೆ?”

“ಅಂದ್ರೆ ಇಳೀರಿ. ಇಷ್ಟವಿಲ್ಲದೋರನ್ನ ನಾನು ಯಾವತ್ತೂ ಬಸ್ಸಲ್ಲಿ ಕೂರಿಸಿಕೊಂಡು ಹೋದೋನಲ್ಲ. ಈ ಗೋಡೆ ಗೋಡೆ ಅಲ್ಲ, ಬಾಗಿಲು ಬಾಗಿಲಲ್ಲ ಅಂದ ಮೇಲೆ ನಿಮಗ್ಯಾಕೆ ಕಷ್ಟ? ಬುಧವಾರ ಬೇರೆಯೋರು ಬರ್ತಾರೆ. ಅವರಿಗೆ ಕೊಡ್ತೀನಿ.”

ಕುರ್ಚಿ ಮಾರಲು ಬಂದವರು ಯಾರೂ ಹುಳುಕಪ್ಪನಿಗೆ ಈ ಮಾತು ಅಂದಿರಲಿಲ್ಲ. ಕುರ್ಚಿಯಲ್ಲಿ ಯಾರೂ ಸಂಸಾರ ಮಾಡಿರುವುದಿಲ್ಲ ಎನ್ನುವುದು ಅವನಿಗೆ ಹೊಳೆಯಲೇ ಇಲ್ಲ. ಅವನು ಮೆಟ್ಟಿಲಿಳಿದ. ಹಿಂದೆ ಬರುತ್ತಿದ್ದ ಹೆಂಡತಿ ಒಂದೊಂದು ಮೆಟ್ಟಿಲಿಗೂ ತಿರುಗಿ ನೋಡುತ್ತಿದ್ದಳು.

ಮನೆಗೆ ಬಂದವಳು ಜಗಳವಾಡಿದ್ದರೆ ಹುಳುಕಪ್ಪ ಗೆದ್ದುಬಿಡುತ್ತಿದ್ದ. ಅವಳು ಜಗಳವಾಡಲಿಲ್ಲ. ಓಣಿಯಲ್ಲಿ ಬಲ್ಬು ಹಾಕಿ, ಮಷಿನ್ನಿನ ಮುಂದೆ ಕೂತು, ಇಷ್ಟೇ ಅಂದಳು:

“ನೀವು ಹೇಳಿದ ಹಾಗೇ ಮಾಡ್ದೆ ರೀ. ಅಷ್ಟು ಇಷ್ಟಪಟ್ಟು ನಾನು ಯಾವುದಕ್ಕೂ ಬೈದಿರಲಿಲ್ಲ.”

ಮಂಗಳವಾರ ಬೆಳಗ್ಗೆ ಹುಳುಕಪ್ಪನ ಅಂಗಿಯ ಗುಂಡಿ ಕಿತ್ತುಬಂತು. ಹೆಂಡತಿಯನ್ನು ಕೇಳಲು ಮುಖವಿರಲಿಲ್ಲ. ಅವಳು ಅಡುಗೆಮನೆಯಲ್ಲಿದ್ದಾಗ ತಾನೇ ಓಣಿಯಲ್ಲಿ ಕೂತು ಸೂಜಿಗೆ ದಾರ ಪೋಣಿಸಲು ಹೊರಟ. ದಾರವನ್ನು ನಾಲಿಗೆಗೆ ತಾಗಿಸಿದ. ಒಂದು ಕಣ್ಣು ಮುಚ್ಚಿದ. ಇನ್ನೊಂದು ಕಣ್ಣೂ ತಾನಾಗಿ ಮುಚ್ಚಿಕೊಂಡಿತು. ಬಲ್ಬಿನ ಕೆಳಗೆ ನಿಂತ. ತನ್ನ ತಲೆಯ ನೆರಳೇ ಸೂಜಿಯ ಮೇಲೆ ಬಿತ್ತು. ಬಗ್ಗಿದ, ಕೈಯ ನೆರಳು ಬಿತ್ತು. ಸೂಜಿಯ ಕಣ್ಣಿಗೆ ಹೋಗಬೇಕಾದ ದಾರ ಹೋಗಲಿಲ್ಲ, ಸೂಜಿ ಮಾತ್ರ ಬೆರಳಿಗೆ ಸಲೀಸಾಗಿ ಹೋಯಿತು. ಕಡೆಗೆ ಬೆರಳು ಚೀಪುತ್ತಾ, ಸೂಜಿ ದಾರ ಎತ್ತಿ ಹಿಡಿದುಕೊಂಡು, ಅರ್ಧ ಅಂಗಿಯಲ್ಲಿ ಬೀದಿಗೆ ಬಂದು ಬಿಸಿಲಲ್ಲಿ ನಿಂತ. ದಾರ ಒಂದೇ ಸಲಕ್ಕೆ ಹೋಯಿತು. ಇವಳು ಇಷ್ಟು ವರ್ಷ ಆ ಓಣಿಯಲ್ಲಿ ಕೂತು ಊರವರಿಗೆಲ್ಲ ಬಟ್ಟೆ ಹೊಲಿದುಕೊಟ್ಟಿದ್ದಾಳಲ್ಲ ಎಂದುಕೊಂಡ.

ಒಳಗೆ ಬಂದವನೇ, “ಏಳು, ಡ್ರೈವರಪ್ಪನ ಮನೆಗೆ ಹೋಗೋಣ” ಅಂದ. ಅವಳು ಏಕೆಂದು ಕೇಳುವ ಮೊದಲೇ ಬೀದಿಗಿಳಿದಿದ್ದ. ಬಸ್ಸು ತುಂಬಿ ತುಳುಕುತ್ತಿತ್ತು. ಅವನು ಮುಂದುಗಡೆ ಸಿಕ್ಕಿಕೊಂಡ, ಅವಳು ಹಿಂದುಗಡೆ. ಒಂದೇ ಒಂದು ಮಾತು ಹೇಳಬೇಕಿತ್ತು, ಇವತ್ತು ನಮ್ಮ ಗುಟ್ಟಿನ ಒಪ್ಪಂದ ಇಲ್ಲ, ಮನಸ್ಸಿನಲ್ಲಿದ್ದದ್ದನ್ನೇ ಆಡುವುದು ಎಂದು. ಆ ಮಾತು ಹೇಳಲು ಅವನಿಗೆ ನೆನಪೂ ಆಗಲಿಲ್ಲ. ಇಳಿದ ಮೇಲೆ ಹೊಗಳಿಕೆಯನ್ನು ಒಳಗೊಳಗೇ ಬಾಯಿಪಾಠ ಮಾಡುತ್ತಾ ಅವಳಿಗಿಂತ ಮುಂದೆ ಓಡಿದ.

ಡ್ರೈವರಪ್ಪ ಅದೇ ಕುರ್ಚಿಯಲ್ಲಿ, ಅದೇ ರೀತಿ ಬೆನ್ನು ಹಾಕಿ ಕೂತಿದ್ದ. ಹುಳುಕಪ್ಪ ಉಸಿರು ತೆಗೆದುಕೊಂಡು ಶುರು ಮಾಡಿದ. ಗೋಡೆ ಅಂದರೆ ಕೋಟೆಯ ಗೋಡೆ. ಬಾಗಿಲು ಅಂದರೆ ರೇಷ್ಮೆ. ನೀರು ಜಲಪಾತ. ಇನ್ನು ಆ ಮೆಟ್ಟಿಲು, ಅಬ್ಬಾ, ಹತ್ತಿದ್ದೇ ಗೊತ್ತಾಗುವುದಿಲ್ಲ ಅಂದ. ಮೆಟ್ಟಿಲಿನ ದೆಸೆಯಿಂದಲೇ ಮನೆ ಮಾರುತ್ತಿದ್ದ ಡ್ರೈವರಪ್ಪ ತನ್ನ ಮಂಡಿಯನ್ನು ಒಮ್ಮೆ ಸವರಿಕೊಂಡ.

ಹೆಂಡತಿ ಬಾಗಿಲಲ್ಲಿ ಕಲ್ಲಾಗಿ ನಿಂತಳು. ಗಂಡ ಹೊಗಳುತ್ತಿದ್ದಾನೆ. ಅಂದರೆ ಅವನಿಗೆ ಈ ಮನೆ ಬೇಡ! ಇಲ್ಲಿಯವರೆಗೂ ಕರೆದುಕೊಂಡು ಬಂದದ್ದು ಬೇಡ ಅನ್ನುವುದಕ್ಕೆ! ಅವನು ಗೋಡೆಯನ್ನು ಹೊಗಳಿದಾಗ ಅವಳ ಮುಖ ಬಾಡಿತು. ನೀರನ್ನು ಹೊಗಳಿದಾಗ ಕಣ್ಣು ತುಂಬಿತು. ಕೊನೆಗೆ ಅವನು ಕಿಟಕಿಯ ಹತ್ತಿರ ಬಂದು, ಇಂಥ ಕಿಟಕಿ ಭೂಮಿಯ ಮೇಲೆ ಇನ್ನೊಂದಿಲ್ಲ ಎಂದದ್ದೇ ತಡ, ಅವಳಿಗೆ ತಡೆಯಲಾಗಲಿಲ್ಲ. ತನಗೆ ಈ ಮನೆ ಬೇಕೇ ಬೇಕು ಎಂದು ಅವನಿಗೆ ತಿಳಿಸಲು ಅವಳಿಗಿದ್ದ ದಾರಿ ಒಂದೇ.

“ದರಿದ್ರ ಕಿಟಕಿ” ಅಂದಳು. ಕಣ್ಣೀರು ಕೆನ್ನೆಯ ಮೇಲೆ ಇಳಿಯುತ್ತಿತ್ತು. “ಇಂಥ ಕೆಟ್ಟ ಕಿಟಕಿ ನಾನು ಜನ್ಮದಲ್ಲೇ ನೋಡಿಲ್ಲ. ನೋಡೋಕೇ ಆಗಲ್ಲ ನನ್ನ ಕೈಲಿ.”

ಈ ಮಾತಿಗೆ ಡ್ರೈವರಪ್ಪ ಮತ್ತೆ ಇಳಿಸಿಬಿಟ್ಟಾನೆಂದು ಹುಳುಕಪ್ಪ ಹೆದರಿದ. ಅವನು ಇನ್ನೂ ಜೋರಾಗಿ ಹೊಗಳಿದ. ಅವಳು ಇನ್ನೂ ಜೋರಾಗಿ ಬೈದಳು. ಅವನು ನೆಲವನ್ನು ಕನ್ನಡಿ ಅಂದರೆ ಅವಳು ಕೆಸರು ಅಂದಳು. ಅವನು ಮೊಣಕೈಯಿಂದ ತಿವಿದು ಕಣ್ಣು ಮಿಟುಕಿಸಿದ; ಸಾಲದು, ಇನ್ನೂ ಬೈ ಅನ್ನುತ್ತಿದ್ದಾನೆ ಎಂದುಕೊಂಡು ಅವಳು ಅಡುಗೆಮನೆಯನ್ನೂ ಎಳೆದು ತಂದಳು. ಒಬ್ಬರ ಮಾತು ಒಬ್ಬರಿಗೆ ಕೇಳದಷ್ಟು ಗಲಾಟೆಯಾಗಿ, ಕೆಳಗೆ ಟೀ ಕುಡಿಯುತ್ತಿದ್ದವರು ಮೇಲಕ್ಕೆ ತಲೆಯೆತ್ತಿದರು.

ಡ್ರೈವರಪ್ಪ ಕೈ ಎತ್ತಿದ. ಅಡ್ಡ ಬಂದ ಎಷ್ಟೋ ಲಾರಿಗಳನ್ನು ನಿಲ್ಲಿಸಿದ್ದ ಕೈ ಅದು. ಇಬ್ಬರೂ ಗಕ್ಕನೆ ನಿಂತರು.

“ಭಾನುವಾರ ಇಬ್ಬರೂ ಬೈದ್ರಿ. ಇವತ್ತು ಒಬ್ಬರು ಹೊಗಳ್ತೀರಿ, ಒಬ್ಬರು ಬೈತೀರಿ. ಬೈಯೋರು ಅಳ್ತಾ ಬೈತೀರಿ. ಏನಿದು, ಅಮ್ಮ?”

ಹೆಂಡತಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಎಲ್ಲವನ್ನೂ ಹೇಳಿಬಿಟ್ಟಳು. ಇಷ್ಟವಾದರೆ ಬೈಯುವುದು, ಇಷ್ಟವಾಗದಿದ್ದರೆ ಹೊಗಳುವುದು, ಕಂಬ, ಬೀರು, ಓಣಿ, ಬಲ್ಬು, ನೀಲಿ ತೋಳು, ಒಂದನ್ನೂ ಬಿಡಲಿಲ್ಲ. ಡ್ರೈವರಪ್ಪ ನಗಲು ಶುರು ಮಾಡಿದವನು ಮಂಡಿಯ ಮೇಲೆ ಹೊಡೆದುಕೊಂಡು, ನೋವಾಗಿ, ಅಯ್ಯಯ್ಯೋ ಎಂದು ಅದನ್ನೇ ಹಿಡಿದುಕೊಂಡು ಮತ್ತೆ ನಕ್ಕ. ಆಮೇಲೆ ಬೆರಳೆತ್ತಿ ಎದುರಿನ ಕನ್ನಡಿ ತೋರಿಸಿದ.

“ನಿಮ್ಮ ಯಜಮಾನ್ರು ಭಾನುವಾರ ನನ್ನ ಬೆನ್ನ ಹಿಂದೆ ನಿಂತು ಈ ಕನ್ನಡಿ ಯಾಕೆ ಅಂತ ಕೇಳಿದ್ರು. ಇದಕ್ಕೇ. ಹಿಂದೆ ಕೂತೋರ ಮುಖ ನೋಡಿ, ಯಾರು ಎಲ್ಲಿ ಇಳೀತಾರೆ ಅಂತ ಹೇಳ್ತಿದ್ದೆ ನಾನು. ಇವರು ಗೋಡೆ ಟೊಳ್ಳು ಅಂತ ಕೂಗ್ತಾ ಇದ್ದಾಗ ನೀವು ಕಿಟಕಿ ಹತ್ರ ನಿಂತಿದ್ರಿ. ಬಾಯಲ್ಲಿ ಕೆಟ್ಟದು ಅಂತಿದ್ರಿ, ಕೆಳಗೆ ಕಾಲು ಆಡ್ತಾ ಇತ್ತು. ಮಷಿನ್ ತುಳಿಯೋ ಹಾಗೆ. ಈ ಅಮ್ಮ ಆಗಲೇ ಹೊಲಿಯೋಕೆ ಶುರು ಮಾಡಿಬಿಟ್ರು ಅಂತ ಅಂದುಕೊಂಡೆ.”

ಹೆಂಡತಿ ತನ್ನ ಕಾಲನ್ನು ನೋಡಿಕೊಂಡಳು. ಅದು ಈಗಲೂ ಮೆಲ್ಲಗೆ ಆಡುತ್ತಿತ್ತು.

“ಮತ್ತೆ ಯಾಕೆ ನಮ್ಮನ್ನ ಇಳಿಸಿದ್ರಿ?” ಅಂದ ಹುಳುಕಪ್ಪ.

“ಅಮ್ಮನ್ನ ಎಲ್ಲಿ ಇಳಿಸ್ದೆ? ನಿಮ್ಮನ್ನ ಇಳಿಸ್ದೆ. ಅವರು ನಿಮ್ಮ ಹಿಂದೆ ಇಳಿದುಬಿಟ್ರು.”

“ಬುಧವಾರ ಬರೋರು?”

“ಯಾರೂ ಇಲ್ಲ. ನಿಮಗೊಬ್ಬರಿಗೇನಾ ವ್ಯಾಪಾರ ಬರೋದು?”

ಬೆಲೆಯ ಮಾತು ಅಮ್ಮನ ಜೊತೆ ಮಾತ್ರ ಎಂದು ಡ್ರೈವರಪ್ಪ ಷರತ್ತು ಹಾಕಿದ. ಹುಳುಕಪ್ಪ ಮೆಟ್ಟಿಲ ಮೇಲೆ ಕೂತು ಉಗುರು ಕಚ್ಚಿದ. ಒಂದು ಉಗುರು ಮುಗಿಯುವಷ್ಟರಲ್ಲಿ ಹೆಂಡತಿ ಹೊರಗೆ ಬಂದಳು. ಅವರು ಇಷ್ಟು ಅಂದರಂತೆ, ಇವಳು ನಮಗೆ ಸ್ವಲ್ಪ ಕಷ್ಟವಾಗುತ್ತದೆ ಅಂದಳಂತೆ, ಅವರು ಇಳಿಸಿದರಂತೆ. ಅವಳು ಹೇಳಿದ ಬೆಲೆ ಹುಳುಕಪ್ಪ ಗಂಟೆಗಟ್ಟಲೆ ಬೈದು ಇಳಿಸಬೇಕೆಂದುಕೊಂಡಿದ್ದಕ್ಕಿಂತ ಕಡಿಮೆ ಇತ್ತು. ಅವನು ಎಲ್ಲಿ ಮೋಸವಾಯಿತೋ ಎಂದು ಬಹಳ ಯೋಚಿಸಿದ. ಎಲ್ಲೂ ಆಗಿರಲಿಲ್ಲ.

ಇಷ್ಟಕ್ಕೇ ಅವನು ಬುದ್ಧಿ ಕಲಿತಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಹೊರಡುವಾಗ ಡ್ರೈವರಪ್ಪ ಅವನನ್ನು ನಿಲ್ಲಿಸಿ, ತಾನು ಕೂತಿದ್ದ ಕುರ್ಚಿಯ ಕೈ ತಟ್ಟಿ, ಹೊಸ ಮನೆಯಲ್ಲಿ ಇದಕ್ಕೆ ಜಾಗವಿಲ್ಲ ಅಂದ. ನಿಮ್ಮ ಕಸುಬು ಇದು, ನಿಜವಾಗಿ ಹೇಗಿದೆ ಹೇಳಿ ಅಂದ. ಹುಳುಕಪ್ಪನ ಎದೆ ಮತ್ತೆ ಡವಡವ. ಹೆಂಡತಿ ಬೇಡ ಬೇಡವೆಂದು ಕಣ್ಣಲ್ಲೇ ಹೇಳಿದಳು. ನಾಲಿಗೆ ಕೇಳಬೇಕಲ್ಲ!

“ಸೌದೆ” ಅಂದ.

“ಇದೂ ನಿಮ್ಮ ಗುಟ್ಟಿನ ಮಾತಾ?”

“ಛೇ, ಇಲ್ಲ. ಅದು ಮನೆಗೆ ಮಾತ್ರ. ಇದು ನಿಜಕ್ಕೂ ಸೌದೇನೇ. ಸಾಗಿಸೋ ಕಷ್ಟ ಯಾಕೆ, ಇಲ್ಲೇ ಬಿಟ್ಟು ಹೋಗಿ.”

ಡ್ರೈವರಪ್ಪ ತಲೆಯಾಡಿಸಿದ.

ಸಾಮಾನು ಸಾಗಿಸಿದ ದಿನ ಎಲ್ಲಕ್ಕಿಂತ ಮೊದಲು ಮೇಲೆ ಹೋದದ್ದು ಹೊಲಿಗೆ ಮಷಿನ್. ಆಮೇಲೆ ಮಂಚ, ಪಾತ್ರೆ, ಹಾಸಿಗೆ. ಬ್ರೋಕರ್ ಕೂಡ ಬಂದು ಒಂದು ಕೈ ಹಚ್ಚಿದ. ಅವತ್ತು ಹೆಲ್ಮೆಟ್ ತೆಗೆದಿದ್ದ, ಯಾರಿಗೂ ಗುರುತು ಸಿಗಲಿಲ್ಲ. ನಡುವೆ ಕೆಳಗಿನ ಅಂಗಡಿಯಿಂದ ಎಲ್ಲರಿಗೂ ಟೀ ಬಂತು. ಹುಳುಕಪ್ಪ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದ. ಮನೆಯಾದ ಸಂತೋಷಕ್ಕೋ ಏನೋ, ಹುಟ್ಟಿದ ಮೇಲೆ ಮೊದಲ ಸಲ ಹುಳುಕು ಹುಡುಕದೆ, “ಆಹಾ, ಇಂಥ ಟೀ ನಾನು ಎಲ್ಲೂ ಕುಡಿದಿಲ್ಲ” ಅಂದ. ಇನ್ನೊಂದು ಲೋಟವನ್ನೂ ತರಿಸಿ ಕುಡಿದ. ಲೋಟ ಕೆಳಗಿಟ್ಟು ಹಾಲಿನ ಸುತ್ತ ಕಣ್ಣಾಡಿಸಿದ. ಗೋಡೆಯ ಮೇಲೆ ಕನ್ನಡಿ ಇತ್ತು. ಅದನ್ನು ಅಮ್ಮನಿಗೆ ಇರಲಿ ಎಂದು ಡ್ರೈವರಪ್ಪ ಬಿಟ್ಟಿದ್ದ. ಕುರ್ಚಿ ಇರಲಿಲ್ಲ.

ಮೆಟ್ಟಿಲು ದಡದಡನೆ ಇಳಿದ. ಬೀಗದ ಕೈ ಕೊಡಲು ಬಂದಿದ್ದ ಡ್ರೈವರಪ್ಪ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಕಾಲು ನೀವಿಕೊಳ್ಳುತ್ತಿದ್ದ.

“ಕುರ್ಚಿ ಎಲ್ಲಿ?”

“ಓ, ಅದಾ? ಮನೆ ವಿಷಯದಲ್ಲಿ ನಿಮ್ಮ ಮಾತು ನಾನು ನಂಬಲಿಲ್ಲ ಯಜಮಾನ್ರೇ. ಕುರ್ಚಿ ಅಂದ್ರೆ ನಿಮ್ಮ ಕಸುಬು, ಅದಕ್ಕೆ ನಂಬಿದೆ.” ಎಂದು ಡ್ರೈವರಪ್ಪ ಒಲೆಯ ಕಡೆ ಕೈ ತೋರಿಸಿದ. ಒಲೆಯ ಬಾಯಿಂದ ಬಾಗಿದ ಮರದ ತುಂಡೊಂದು ಅರ್ಧ ಹೊರಗೆ ಚಾಚಿಕೊಂಡು, ಹೊಗೆಯಿಲ್ಲದೆ, ನಿಧಾನವಾಗಿ, ಬಲು ಚೆನ್ನಾಗಿ ಉರಿಯುತ್ತಿತ್ತು. “ನಾಲ್ಕು ಜನಕ್ಕೆ ಆಗುತ್ತೆ ಅಂದಿದ್ರಿ. ಬೆಳಗ್ಗೆಯಿಂದ ಇಡೀ ಬೀದಿಗೆ ಟೀ ಆಗಿದೆ. ನೀವು ಕುಡಿದ ಎರಡು ಲೋಟವೂ ಅದರದ್ದೇ.”

ಹುಳುಕಪ್ಪ ಮೇಲೆ ಬಂದು, ಕುರ್ಚಿ ಇದ್ದ ಜಾಗದಲ್ಲಿ ನೆಲದ ಮೇಲೆ ಕೂತ. ಒಳಕೋಣೆಯಲ್ಲಿ ಹೆಂಡತಿ ಆಗಲೇ ಕಿಟಕಿಯ ಪಕ್ಕ ಮಷಿನ್ ಹಾಕಿಕೊಂಡು ಪರದೆ ಹೊಲಿಯುತ್ತಿದ್ದಳು. ತಲೆಯೆತ್ತಿ ಕನ್ನಡಿಯಲ್ಲಿ ಅವನ ಮುಖ ನೋಡಿದಳು.

“ಮನೆ ಹೇಗಿದೆ ರೀ?”

ಅವನು ಬಾಯಿ ತೆರೆದ. ಚೆನ್ನಾಗಿದೆ ಅನ್ನಲೋ, ಕೆಟ್ಟದಾಗಿದೆ ಅನ್ನಲೋ ತಿಳಿಯದೆ ತೆರೆದದ್ದನ್ನು ಹಾಗೇ ಮುಚ್ಚಿಕೊಂಡ.

“ಬಿಡಿ, ಕಂಡಿತು” ಅಂದಳು ಅವಳು. ಮಷಿನ್ ನಿಲ್ಲಲಿಲ್ಲ.